ಕಾಸಿನ ಮೇಲಣ ಆನೆ: ಹಳೆಯ ತಾಮ್ರನಾಣ್ಯಗಳ ರೂಪಭೇದಗಳನ್ನು ಕುರಿತು



ಬೆಂಗಳೂರಿನ ದಂಡು ಪ್ರದೇಶದ ಹಳೆಯ ಮನೆತನಗಳಲ್ಲಿ ದೇವರ ಪೆಟ್ಟಿಗೆಯ ಅಡಿಯನ್ನು ತಡಕಿದರೆ, ಕುಂಕುಮ ಮೆತ್ತಿದ ನಾಲ್ಕಾರು ತಾಮ್ರದ ಬಿಲ್ಲೆಗಳು ಕೈಗೆ ಸಿಕ್ಕುವುದುಂಟು. ಹಲಸೂರಿನಲ್ಲಿಯೋ ಇಂದಿರಾನಗರದಲ್ಲಿಯೋ ಕೃಷ್ಣರಾಜಪುರದ ಕಡೆಯಲ್ಲಿಯೋ ಹಳೆಯ ಗೋಡೆಯನ್ನು ಕೆಡವುವಾಗ, ಹೊಸ ಮನೆಗೆ ಪಾಯ ತೋಡುವಾಗ, ಇಂತಹವೇ ಮಣ್ಣಿನಿಂದ ಮೇಲಕ್ಕೆ ಬರುವುದೂ ಉಂಟು. ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ತೂಕಕ್ಕೆ ಮಾರುವ ತಾಮ್ರ ಹಿತ್ತಾಳೆಗಳ ನಡುವೆಯೂ ಇವು ಇಣುಕಬಹುದು. ತಿರುವಿ ನೋಡಿದರೆ ಒಂದು ಮುಖದಲ್ಲಿ ಆನೆ. ಇನ್ನೊಂದು ಮುಖದಲ್ಲಿ ಅಕ್ಷರ. ನಮ್ಮ ಹಿರಿಯರು ಇದನ್ನು ಸರಳವಾಗಿ ಆನೆಯ ಕಾಸು ಎಂದರು.

ಇಂತಹ ಎರಡು ಕಾಸುಗಳನ್ನು ಅಕ್ಕಪಕ್ಕದಲ್ಲಿ ಇಡೋಣ. ಒಂದರ ಆನೆ ಬಲಕ್ಕೆ ಮುಖಮಾಡಿ, ಸೊಂಡಿಲನ್ನು ಬಳುಕಿಸಿ, ಅರಮನೆಯ ಪಟ್ಟದಾನೆಯಂತೆ ತುಂಬಿಕೊಂಡು ನಿಂತಿದೆ. ಇನ್ನೊಂದರ ಆನೆ ಎಡಕ್ಕೆ ತಿರುಗಿದೆ. ಅದರ ಕಾಲು ಕಡ್ಡಿ, ಬೆನ್ನು ಗೂನು. ಸೊಂಡಿಲೊಂದು ಇಲ್ಲದಿದ್ದರೆ ಹಂದಿಯೆಂದೇ ಹೇಳಬೇಕು. ಎರಡನೆಯದನ್ನು ಕಂಡ ಮನೆಯ ಯಜಮಾನರು, ಇದು ಖೋಟಾ ಎಂದು ಬದಿಗಿಡುತ್ತಾರೆ. ಅದನ್ನೇ ಕಂಡ ವ್ಯಾಪಾರಿಯು, ಇದು ಅಪೂರ್ವವಾದದ್ದು ಎಂದು ಹೇಳಿ ನೂರಕ್ಕೆ ಸಾವಿರ ಬೆಲೆ ಕಟ್ಟುತ್ತಾನೆ. ಇಬ್ಬರೂ ಉತ್ತರ ಹೇಳಿದರು; ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ಈ ಆನೆ ಹೀಗೇಕೆ ಇದೆ ಎಂಬ ಪ್ರಶ್ನೆಯನ್ನು ಕ್ರಮವಾಗಿ ಕೇಳುವುದು ಹೇಗೆ ಎಂಬುದೇ ಇಂದು ನಾವು ವಿಚಾರಮಾಡಬೇಕೆಂದಿರುವ ವಿಷಯ.

ಮೊದಲು ಹಿಂದಿನ ಕಾಲದ ನಾಣ್ಯವು ಹೇಗೆ ಹುಟ್ಟುತ್ತಿತ್ತೆಂಬುದನ್ನು ನೆನೆಯಬೇಕು. ಟಂಕಸಾಲೆಯಲ್ಲಿ ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ಭದ್ರವಾಗಿ ನಿಲ್ಲಿಸುವರು. ತೂಕ ಮಾಡಿದ ಲೋಹದ ಬಿಲ್ಲೆಯನ್ನು ಅದರ ಮೇಲಿಡುವರು. ಮೇಲಿನ ಅಚ್ಚನ್ನು ಬಿಲ್ಲೆಯ ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುವರು. ಒಂದು ಪೆಟ್ಟಿಗೆ ಒಂದು ಕಾಸು. ಅಚ್ಚನ್ನು ಕೊರೆದವನು ಒಬ್ಬ ಮನುಷ್ಯ. ಅವನು ಕೊರೆದದ್ದು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿದ ಚಿತ್ರ. ಪೆಟ್ಟು ತಿಂದು ತಿಂದು ಅಚ್ಚು ಸವೆಯುತ್ತದೆ, ಬಿರಿಯುತ್ತದೆ. ಆಗ ಹೊಸದನ್ನು ಕೊರೆಯಬೇಕು. ಯಂತ್ರದಿಂದ ಒಂದಚ್ಚಿನ ಪ್ರತಿಯನ್ನು ಇನ್ನೊಂದಕ್ಕೆ ಇಳಿಸುವ ಉಪಾಯವಿಲ್ಲದ ಆ ಕಾಲದಲ್ಲಿ, ಒಂದು ಅಚ್ಚಿನ ಆನೆಯಂತೆ ಇನ್ನೊಂದು ಅಚ್ಚಿನ ಆನೆ ಎಂದಿಗೂ ಇರಲಾರದು. ಒಬ್ಬನೇ ಲೇಖಕನು ಬರೆದ ಎರಡು ಕಾಗದಗಳ ಅಕ್ಷರಗಳು ಒಂದನ್ನೊಂದು ಹೋಲುತ್ತವೆ, ಆದರೆ ಒಂದೇ ಆಗಿರುವುದಿಲ್ಲ, ಅದರಂತೆಯೇ ಇದೂ. ಆದುದರಿಂದ ಭೇದವಿರುವುದು ಸಹಜ. ಆ ಭೇದ ಎಷ್ಟು, ಅದು ಎಲ್ಲಿಂದ ಬಂದಿತು ಎಂಬುದೇ ಪರೀಕ್ಷೆಗೆ ತಕ್ಕ ವಿಷಯ.

ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಎಂದರೆ 1782ರಿಂದ 1799ರವರೆಗೆ, ಆನೆಯ ತಾಮ್ರನಾಣ್ಯಗಳು ಹೇರಳವಾಗಿ ಹೊರಬಿದ್ದವು. ಅವು ಒಂದೇ ಊರಿನಲ್ಲಿ ಮುದ್ರಿತವಾದವಲ್ಲ. ಶ್ರೀರಂಗಪಟ್ಟಣವು ಮುಖ್ಯ, ಅದರ ಜೊತೆಗೆ ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಧಾರವಾಡ, ಗುರ್ರಂಕೊಂಡ, ದಿಂಡಿಗಲ್ಲು, ಕಲ್ಲಿಕೋಟೆ ಮೊದಲಾದೆಡೆಗಳಲ್ಲಿ ಟಂಕಸಾಲೆಗಳಿದ್ದವು. ಅನೇಕ ಊರುಗಳಿಗೆ ಸುಲ್ತಾನನು ಹೊಸ ಹೆಸರುಗಳನ್ನಿಟ್ಟಿದ್ದುದರಿಂದ ಕಾಸಿನ ಮೇಲೆ ಚಿತ್ರದುರ್ಗವು ಫರ್ರುಖ್‌ಯಾಬ್ ಹಿಸಾರ್ ಎಂದೂ, ಗುತ್ತಿಯು ಫೈಜ್ ಹಿಸಾರ್ ಎಂದೂ ಕಾಣುತ್ತದೆ. ಬೆಂಗಳೂರಾದರೋ ತನ್ನ ಹೆಸರಿನಿಂದಲೇ ಗುರುತಾಗುತ್ತದೆ. ಬೆಲೆಯ ದರ್ಜೆಗಳಿಗೂ ಆತನು ಗ್ರಹನಕ್ಷತ್ರಗಳ ಹೆಸರನ್ನಿಟ್ಟನು. ಸುಮಾರು 11 ಗ್ರಾಂ ತೂಗುವ ಪೈಸೆಗೆ ಜೋಹ್ರಾ, ಎಂದರೆ ಶುಕ್ರ. ಅದರ ಅರ್ಧಕ್ಕೆ ಬಹ್ರಾಂ, ಎಂದರೆ ಮಂಗಳ. ಕಾಲಿಗೆ ಅಖ್ತರ್, ಎಂದರೆ ನಕ್ಷತ್ರ. ಅರೆಕಾಲಿಗೆ ಕುತ್ಬ್, ಎಂದರೆ ಧ್ರುವ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಜೆ. ಆರ್. ಹೆಂಡರ್ಸನ್ ಅವರು 1921ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೈದರ್ ಮತ್ತು ಟಿಪ್ಪು ಇವರ ನಾಣ್ಯಗಳನ್ನು ಟಂಕಸಾಲೆಗಳಿಗೆ ಅನುಸಾರವಾಗಿ ವಿಂಗಡಿಸಿ ತೋರಿಸಿದರು. ಅಂದಿನಿಂದ ಈ ಕಾಸುಗಳ ವ್ಯಾಸಂಗಕ್ಕೆ ಒಂದು ನೆಲೆ ದೊರೆಯಿತು.

ಈಗ ಪ್ರಶ್ನೆಗಳಿಗೆ ಬರೋಣ. ವಿಚಿತ್ರವಾಗಿ ಕಂಡ ಕಾಸನ್ನು ಹಿಡಿದು ಕೇಳಬೇಕಾದ ಮೊದಲನೆಯ ಪ್ರಶ್ನೆ: ಈ ವೈಚಿತ್ರ್ಯವು ದೊರೆಯ ಆಜ್ಞೆಯಿಂದ ಬಂದದ್ದೇ? ಟಿಪ್ಪುವಿನ ಕಾಸುಗಳಲ್ಲಿ ಇದಕ್ಕೆ ಚೆನ್ನಾದ ನಿದರ್ಶನವಿದೆ. ಆತನು 1787ರ ಸುಮಾರಿಗೆ ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕವನ್ನು ನಾಣ್ಯಗಳ ಮೇಲೆ ತಂದನು. ಅದರ ಮೊದಲ ವರ್ಷಗಳಲ್ಲೊಂದು 1215. ಆದರೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಬೇಕೆಂದು ನಿಯಮವಾದುದರಿಂದ, ನಮ್ಮ ವಾಡಿಕೆಯಂತೆ ಎಡದಿಂದ ಓದುವವರಿಗೆ ಅದು 5121 ಎಂದು ಕಾಣುತ್ತದೆ. ಅರಿಯದವರು ಇದನ್ನು ಅಕ್ಷರಶತ್ರುವಾದ ಕೆಲಸಗಾರನ ತಪ್ಪೆಂದು ಭಾವಿಸಬಹುದು. ತಪ್ಪಾಗಿದ್ದರೆ ಒಂದೆರಡು ಅಚ್ಚುಗಳಲ್ಲಿ ಇರಬೇಕಾಗಿತ್ತು. ದೂರದೂರದ ಟಂಕಸಾಲೆಗಳಲ್ಲಿ ಒಂದೇ ಸಮನಾಗಿ ಇರುವುದರಿಂದ ಇದು ಆಜ್ಞೆಯೆಂದು ತಿಳಿಯುತ್ತದೆ. ಕೊನೆಯ ಕೆಲವು ವರ್ಷಗಳಲ್ಲಿ ಆನೆಯ ಮೇಲ್ಗಡೆ ಒಂಟಿ ಅಕ್ಷರವೊಂದು ಕಾಣಿಸಿಕೊಳ್ಳುವುದೂ ಹೀಗೆಯೇ. ಅದು ವರ್ಷದ ಗುರುತು, ಅಲಂಕಾರವಲ್ಲ.

ಎರಡನೆಯ ಪ್ರಶ್ನೆ: ಇದು ಪೆಟ್ಟಿನ ದೋಷವೇ? ಬಿಲ್ಲೆಯು ಅಚ್ಚಿನ ನಡುವೆ ಕೂರದಿದ್ದರೆ ಆನೆಯ ತಲೆ ಹೊರಗುಳಿಯುತ್ತದೆ. ಪೆಟ್ಟು ಎರಡು ಸಲ ಬಿದ್ದು ಬಿಲ್ಲೆ ಜರುಗಿದರೆ ಒಂದೇ ಆನೆಗೆ ಎರಡು ಬೆನ್ನು ಬರುತ್ತದೆ. ಅಚ್ಚು ಬಿರಿದಿದ್ದರೆ ಕಾಸಿನ ಮೇಲೆ ಉಬ್ಬಿದ ಗೆರೆಯೊಂದು ಹಾಯುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ಅಚ್ಚಿನ ಬಿರುಕು ಹಳ್ಳ. ಲೋಹವು ಅದರೊಳಕ್ಕೆ ಹೊಕ್ಕು ಕಾಸಿನ ಮೇಲೆ ದಿಣ್ಣೆಯಾಗುತ್ತದೆ. ಕಾಸು ಹೊರಬಿದ್ದ ಮೇಲೆ ಯಾರೋ ಗೀರಿದ ಗಾಯವಾದರೋ ಕಾಸಿನ ಮೇಲೆಯೇ ಹಳ್ಳವಾಗಿ ಉಳಿಯುತ್ತದೆ. ಬೆರಳಿನ ತುದಿಗೂ ತಿಳಿಯುವ ಈ ವ್ಯತ್ಯಾಸವನ್ನು ಅರಿತರೆ ಎಷ್ಟೋ ವಾದಗಳು ನಿಲ್ಲುತ್ತವೆ. ಪೆಟ್ಟಿನ ದೋಷಗಳನ್ನು ರೂಪಭೇದವೆಂದು ಎಣಿಸಬಾರದು. ಪೆಟ್ಟು ಸರಿಯಾಗಿ ಬಿದ್ದಿದ್ದರೂ ಯಾವುದು ಹಾಗೆಯೇ ಉಳಿಯುತ್ತಿತ್ತೋ ಅದೇ ನಿಜವಾದ ರೂಪಭೇದ.

ಮೂರನೆಯ ಪ್ರಶ್ನೆ: ಇದು ಯಾರ ಕೈ? ಆನೆಯ ಒಟ್ಟು ಆಕಾರವನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಕೆಲಸಗಾರನು ಲಕ್ಷ್ಯವಿಡದೆ ಅಭ್ಯಾಸಬಲದಿಂದ ಮಾಡಿದ ಸಣ್ಣ ಸಣ್ಣ ಭಾಗಗಳನ್ನು ನೋಡಬೇಕು. ಕಣ್ಣು ಚುಕ್ಕೆಯೋ, ವೃತ್ತವೋ? ಕಿವಿ ಎಲೆಯಂತೆ ಜೋತಿದೆಯೋ, ಬರಿಯ ಬಾಗುಗೆರೆಯೋ? ಬಾಲವು ನೆಟ್ಟಗೆ ಇಳಿದಿದೆಯೋ, ತುದಿಯಲ್ಲಿ ಕುಚ್ಚಾಗಿದೆಯೋ? ಅಂಚಿನ ಚುಕ್ಕೆಗಳು ಒತ್ತಾಗಿವೆಯೋ, ವಿರಳವೋ? ಅನಂತರ ಇನ್ನೊಂದು ಮುಖದ ಅಕ್ಷರಗಳನ್ನು ಹೀಗೆಯೇ ಪರೀಕ್ಷಿಸಬೇಕು. ಇದಕ್ಕಿಂತಲೂ ಬಲವಾದ ಪ್ರಮಾಣವೊಂದಿದೆ. ಎರಡು ಕಾಸುಗಳಲ್ಲಿ ಆನೆಯ ಮುಖವು ಕೂದಲೆಳೆಯಷ್ಟೂ ಭೇದವಿಲ್ಲದೆ ಒಂದೇ ಆಗಿದ್ದು, ಅಕ್ಷರದ ಮುಖ ಮಾತ್ರ ಬೇರೆಯಾಗಿದ್ದರೆ, ಆ ಎರಡೂ ಒಂದೇ ಆನೆಯಚ್ಚಿನಿಂದ ಹುಟ್ಟಿದ ಒಡಹುಟ್ಟುಗಳು. ಆ ಎರಡನೆಯ ಅಕ್ಷರದ ಮುಖವು ಮತ್ತೊಂದು ಆನೆಯೊಡನೆ ಸೇರಿದ್ದರೆ ಅದು ಮೂರನೆಯ ಬಂಧು. ಹೀಗೆ ಕೊಂಡಿಗೆ ಕೊಂಡಿ ಸೇರಿಸಿ ಒಂದು ಟಂಕಸಾಲೆಯ ವಂಶಾವಳಿಯನ್ನೇ ಬರೆಯಬಹುದು. ಹಂದಿಯಂತಹ ಆ ಆನೆಯು ಇಂತಹ ಸರಪಣಿಯೊಳಗೆ ಬಂದು ಕೂತರೆ, ಅದು ಖೋಟಾ ಎಂಬ ಅಪವಾದವು ತಾನಾಗಿ ಬಿದ್ದುಹೋಗುತ್ತದೆ. ಕೈ ಒರಟಾಗಿರಬಹುದು, ಮನೆ ಮಾತ್ರ ಸರ್ಕಾರದ್ದೇ.

ನಾಲ್ಕನೆಯ ಪ್ರಶ್ನೆ: ಕಾಸು ತನ್ನ ಊರಿನ ವಿಚಾರದಲ್ಲಿ ಹೇಳುವ ಮಾತು ನಿಜವೇ? 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿಯೂ ಆನೆಯ ಕಾಸುಗಳು ಮುಂದುವರಿದವು. ಆನೆಯ ಮೇಲೆ ಸೂರ್ಯಚಂದ್ರರೂ ಶ್ರೀಕಾರವೂ ಬಂದವು. ಹಿಂಬದಿಯಲ್ಲಿ ಕನ್ನಡದ ಮಯಿಲಿ ಕಾಸು ಎಂಬ ಬರಹದೊಡನೆ ಇಂಗ್ಲಿಷಿನಲ್ಲಿಯೂ ಬೆಲೆ ನಿಂತಿತು. ಮುಂದೆ ಆನೆಯ ಸ್ಥಾನಕ್ಕೆ ಸಿಂಹ ಬಂದಿತು. ಚಾಮುಂಡಿಯ ಹೆಸರೂ ಬಂದಿತು. ಈ ಸಿಂಹದ ಕಾಸುಗಳಲ್ಲಿ ಮೈಸೂರು ಟಂಕಸಾಲೆಯೆಂದು ಪಾರ್ಸಿಯಲ್ಲಿ ಬರೆದಿರುತ್ತದೆ. ಆದರೆ 1831ರಲ್ಲಿ ರಾಜ್ಯಾಡಳಿತವು ಇಂಗ್ಲಿಷರ ಕೈಸೇರಿದ ಬಳಿಕ, 1833ರಲ್ಲಿ ಟಂಕಸಾಲೆಯನ್ನು ಮೈಸೂರಿನಿಂದ ಬೆಂಗಳೂರಿಗೆ ಸಾಗಿಸಿದರು. 1843ರಲ್ಲಿ ಅದನ್ನು ಮುಚ್ಚಿದರು. ಎಂದಮೇಲೆ, ಆ ಹತ್ತು ವರ್ಷಗಳ ಕಾಸು ಬಾಯಲ್ಲಿ ಮೈಸೂರೆಂದು ಹೇಳಿದರೂ ಹುಟ್ಟಿದ್ದು ಬೆಂಗಳೂರಿನಲ್ಲಿ. ಅಕ್ಷರವು ಸುಳ್ಳು ಹೇಳಿದೆಡೆಯಲ್ಲಿ ವರ್ಷವೂ ಕೊರೆತದ ರೀತಿಯೂ ಸತ್ಯವನ್ನು ಹೇಳುತ್ತವೆ. ರೂಪಭೇದದ ಪರೀಕ್ಷೆಯು ಕೇವಲ ಹವ್ಯಾಸವಲ್ಲವೆಂಬುದಕ್ಕೆ ಇಷ್ಟು ಸಾಕು.

ಅಕ್ಷರವೇ ಇಲ್ಲದ ನಾಣ್ಯಗಳಲ್ಲಿ ಈ ಪರೀಕ್ಷೆಯ ಮಹತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ನಾಣ್ಯದ ಮೇಲೆ ಆನೆಯನ್ನು ನಿಲ್ಲಿಸಿದವರು ನಮ್ಮವರು ಮಾತ್ರವೇ ಅಲ್ಲ. ಉತ್ತರ ಆಫ್ರಿಕದ ಕಾರ್ಥೇಜ್ ಪಟ್ಟಣದ ಸೇನಾನಿಗಳು, ಎಂದರೆ ಹ್ಯಾನಿಬಲನ ಮನೆತನದವರು, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸ್ಪೇನಿನಲ್ಲಿ ಹೊರಡಿಸಿದ ಬೆಳ್ಳಿಯ ನಾಣ್ಯಗಳಲ್ಲಿ ಯುದ್ಧದ ಆನೆಯಿದೆ. ಆದರೆ ಜನರ ನಿತ್ಯದ ವ್ಯವಹಾರಕ್ಕೆ ಕಾರ್ಥೇಜಿನವರು ಬಳಸಿದ ಕಂಚಿನ ಕಾಸುಗಳಲ್ಲಿ ಪ್ರಾಯಶಃ ಒಂದು ಕಡೆ ತಾನಿತ್ ಎಂದು ಸಾಮಾನ್ಯವಾಗಿ ಹೇಳುವ ದೇವಿಯ ತಲೆ, ಇನ್ನೊಂದು ಕಡೆ ಕುದುರೆ. ಕೆಲವೆಡೆ ಕುದುರೆಯ ಹಿಂದೆ ಖರ್ಜೂರದ ಮರ, ಕೆಲವೆಡೆ ಕುದುರೆಯ ತಲೆ ಮಾತ್ರ. ಬಹುಮಟ್ಟಿಗೆ ಇವುಗಳಲ್ಲಿ ಊರಿನ ಹೆಸರಿಲ್ಲ, ದೊರೆಯ ಹೆಸರಿಲ್ಲ, ವರ್ಷವಿಲ್ಲ. ಹೆಚ್ಚೆಂದರೆ ಒಂದು ಅಕ್ಷರ ಅಥವಾ ಚುಕ್ಕೆ. ಆಫ್ರಿಕದಲ್ಲಿಯೂ ಸಿಸಿಲಿಯಲ್ಲಿಯೂ ಸಾರ್ಡೀನಿಯದಲ್ಲಿಯೂ ಇವು ಮುದ್ರಿತವಾದವು. ಯಾವುದು ಎಲ್ಲಿಯದೆಂದು ವಿದ್ವಾಂಸರು ನಿರ್ಣಯಿಸುವುದು ಹೇಗೆ? ದೇವಿಯ ಕೇಶದ ಗುಂಗುರು, ತೆನೆಯ ಮುಡಿ, ಕುದುರೆಯ ಕತ್ತಿನ ಬಾಗು, ಇವುಗಳಲ್ಲಿನ ಕೈಚಳಕದ ಭೇದವನ್ನು ನೋಡಿ. ಜೊತೆಗೆ ಯಾವ ಮಾದರಿಯು ಯಾವ ನೆಲದಲ್ಲಿ ಹೆಚ್ಚಾಗಿ ಸಿಕ್ಕಿತೆಂಬ ಲೆಕ್ಕವನ್ನು ನೋಡಿ. ಎರಡೂ ಸೇರಿದಾಗಲೇ ನಿರ್ಣಯ. ಸಿಕ್ಕಿದ ಸ್ಥಳವನ್ನು ಬರೆದಿಡದಿದ್ದರೆ, ಆ ದೇವಿಯ ಮುಖವೆಷ್ಟು ಸುಂದರವಾಗಿದ್ದರೂ ಅದು ಮೂಕ.

ಇಷ್ಟು ದೂರದ ಮಾತೇಕೆ ಎನ್ನುವಿರಾ? ನಮ್ಮ ಬೆಂಗಳೂರಿನ ನೆಲಕ್ಕೂ ಮೆಡಿಟರೇನಿಯನ್ ಸಮುದ್ರದ ಕರೆಗೂ ನಂಟಿಲ್ಲದಿಲ್ಲ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. 1965ರಲ್ಲಿ ಊರಿನ ಪೂರ್ವಭಾಗದಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯ ಪ್ರದೇಶದಲ್ಲಿ, ಮತ್ತೊಂದು ಗಂಟು ದೊರೆಯಿತು. ಕೆಂಪೇಗೌಡನಿಗಿಂತ ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಹಣ ಅದು. ದಕ್ಷಿಣ ಹಿಂದೂಸ್ಥಾನದಲ್ಲಿ ಸಿಕ್ಕುವ ರೋಮನ್ ಬೆಳ್ಳಿಯಲ್ಲಿ ಎರಡು ಮಾದರಿಗಳು ಹೇರಳ: ಅಗಸ್ಟಸ್ ಚಕ್ರವರ್ತಿಯ ಮೊಮ್ಮಕ್ಕಳಿಬ್ಬರು ಗುರಾಣಿ ಈಟಿಗಳೊಡನೆ ನಿಂತಿರುವುದೊಂದು; ಟೈಬೀರಿಯಸ್ ಚಕ್ರವರ್ತಿಯ ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯ ಚಿತ್ರವಿರುವುದೊಂದು. ಈ ಎರಡನೆಯದು 14ರಿಂದ 37ರವರೆಗಿನ ಟೈಬೀರಿಯಸನ ಆಳ್ವಿಕೆಯುದ್ದಕ್ಕೂ ಹೆಚ್ಚು ಬದಲಾವಣೆಯಿಲ್ಲದೆ ಹೊರಬಂದಿತು. ಆದರೂ ಪಂಡಿತರು ಅದನ್ನು ಹಿಂದು ಮುಂದೆಂದು ವಿಂಗಡಿಸಿದ್ದಾರೆ. ಅವರು ಗಮನಿಸಿದ್ದು ಪೀಠದ ಕಾಲುಗಳನ್ನು. ಸಾದಾ ಕಾಲುಗಳುಳ್ಳವು ಮೊದಲಿನವು, ಕಡೆದ ಕಾಲುಗಳುಳ್ಳವು ತರುವಾಯದವು. ಸಾಮ್ರಾಜ್ಯದ ಕಾಲಗಣನೆಯು ಒಂದು ಕುರ್ಚಿಯ ಕಾಲಿನ ಮೇಲೆ ನಿಂತಿದೆಯೆಂದರೆ ನಗುವಂತಿಲ್ಲ.

ಇದೇ ರೋಮನ್ ನಾಣ್ಯಗಳ ಜೊತೆಯಲ್ಲಿ ಇನ್ನೊಂದು ಬಗೆಯೂ ನಮ್ಮ ದೇಶದಲ್ಲಿ ಸಿಕ್ಕಿದೆ. ಚಕ್ರವರ್ತಿಯ ಮುಖವಿದೆ, ಆದರೆ ಮೂಗು ಕಣ್ಣುಗಳು ಬೇರೆಯ ಲಕ್ಷಣ; ಸುತ್ತಲೂ ಅಕ್ಷರಗಳಂತೆ ಕಾಣುವ ಗೀಟುಗಳಿವೆ, ಓದಲು ಹೋದರೆ ಅರ್ಥವಿಲ್ಲ. ಲ್ಯಾಟಿನ್ ಲಿಪಿಯನ್ನು ಅರಿಯದವನು ಅದನ್ನು ಚಿತ್ರವೆಂದು ಭಾವಿಸಿ ನಕಲುಮಾಡಿದಾಗ ಹೀಗಾಗುತ್ತದೆ. ಇದು ನಮ್ಮ ಐದನೆಯ ಪ್ರಶ್ನೆಗೆ ದಾರಿಮಾಡುತ್ತದೆ: ಇದು ಆ ಕಾಲದ ಅನುಕರಣವೇ, ಈ ಕಾಲದ ಮೋಸವೇ? ನಾವು ಎರಡಕ್ಕೂ ಖೋಟಾ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಇದೇ ಅನರ್ಥಕ್ಕೆ ಮೂಲ. ಆ ಕಾಲದಲ್ಲಿ ಪೇಟೆಯ ಬಳಕೆಗಾಗಿ ಮಾಡಿದ ಅನುಕರಣವು ಚರಿತ್ರೆಗೆ ದೊಡ್ಡ ಸಾಕ್ಷಿ. ಪರದೇಶದ ನಾಣ್ಯಕ್ಕೆ ಇಲ್ಲಿ ಎಷ್ಟು ಗೌರವವಿತ್ತು, ಅದರ ರೂಪದಲ್ಲಿ ಜನರು ಎಷ್ಟು ನಂಬಿಕೆಯಿಟ್ಟಿದ್ದರು ಎಂಬುದನ್ನು ಅದು ತಿಳಿಸುತ್ತದೆ. ಈಗಿನ ಕಾಲದಲ್ಲಿ ಪ್ರವಾಸಿಗಳಿಗೆ ಮಾರಲು ಮಾಡಿದ್ದು ಯಾವುದಕ್ಕೂ ಸಾಕ್ಷಿಯಲ್ಲ, ಮಾಡಿದವನ ಆಸೆಗೆ ಹೊರತು.

ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲವಾದರೂ ಅಸಾಧ್ಯವೂ ಅಲ್ಲ. ಈಗಿನ ಮೋಸವು ಹೆಚ್ಚಾಗಿ ಎರಕದ ಕೆಲಸ. ಎರಕದಲ್ಲಿ ಅಂಚಿನ ಸುತ್ತ ಸಣ್ಣ ಕೂಡುಗೆರೆಯಿರಬಹುದು; ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರಬಹುದು; ಆನೆಯ ಗೆರೆಗಳು ಸಾಬೂನಿನಲ್ಲಿ ತಿದ್ದಿದಂತೆ ಮೊಂಡಾಗಿರುತ್ತವೆ. ಪೆಟ್ಟಿನಿಂದ ಹುಟ್ಟಿದ ಕಾಸಿನಲ್ಲಾದರೋ ಲೋಹವು ಒತ್ತಡಕ್ಕೆ ಹರಿದ ಚಿಹ್ನೆಯಿರುತ್ತದೆ. ಸವೆದರೂ ಎತ್ತರದ ಭಾಗವು ಮೊದಲು ಸವೆದು ತಗ್ಗಿನ ಭಾಗವು ಚೂಪಾಗಿ ಉಳಿದಿರುತ್ತದೆ. ತೂಕವು ದರ್ಜೆಗೆ ಹೊಂದಬೇಕು. ಎಲ್ಲಕ್ಕಿಂತ ಮೇಲಾಗಿ, ಹತ್ತು ಕಾಸುಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಗಾಯವಿದ್ದರೆ ಅವು ಒಂದೇ ಎರಕದ ಮಕ್ಕಳೆಂದು ತಿಳಿಯಬೇಕು. ಏಕೆಂದರೆ ಪ್ರಾಮಾಣಿಕವಾಗಿ ಕೈಯಿಂದ ಕೈಗೆ ನಡೆದ ಹತ್ತು ಕಾಸುಗಳಿಗೆ ಒಂದೇ ಗಾಯವಾಗಲಾರದು.

ಇನ್ನು ನಮ್ಮ ಊರಿನ ವಿಷಯದಲ್ಲಿ ಮುಖ್ಯವಾದ ಎರಡು ಮಾತು. ಈ ದಂಡು ಪ್ರದೇಶವು 1809ರ ಸುಮಾರಿಗೆ ಇಂಗ್ಲಿಷರ ಸೈನ್ಯಕ್ಕಾಗಿ ಹುಟ್ಟಿದ್ದು. ಪೇಟೆಯ ಮೈಸೂರು ಕಾಸೂ ಮದರಾಸಿನ ಕಡೆಯಿಂದ ಬಂದವರ ಕಂಪನಿ ಕಾಸೂ ಸಂಧಿಸಲು ತಕ್ಕ ನೆಲ ಇದು. ಇಲ್ಲಿ ಪಾಯ ತೋಡಿದಾಗ ಸಿಕ್ಕಿದ ಒಂದು ಹಿಡಿ ತಾಮ್ರದಲ್ಲಿ ಯಾವ ಯಾವ ಕಾಸುಗಳು ಒಟ್ಟಿಗೆ ಇದ್ದವೆಂದು ತಿಳಿದರೆ, ಯಾವ ಗ್ರಂಥದಲ್ಲಿಯೂ ಬರೆದಿರದ ಪೇಟೆಯ ನಿತ್ಯಜೀವನವು ಕಣ್ಣಿಗೆ ಕಟ್ಟುತ್ತದೆ. ಆ ಹಿಡಿಯನ್ನು ಚದರಿಸಿ, ಚೆಂದವಾದದ್ದನ್ನು ಮಾರಿ, ಉಳಿದದ್ದನ್ನು ಗುಜರಿಗೆ ಹಾಕಿದರೆ ಆ ಪುಟವು ಹರಿದಂತೆಯೇ. ಕರಗಿದ ತಾಮ್ರವು ಮತ್ತೆ ಬಿಂದಿಗೆಯಾಗಬಹುದು. ಆ ಒರಟು ಕೈಯ ಕೆಲಸಗಾರನು ಮತ್ತೆ ಹುಟ್ಟಿಬರಲಾರನು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಗುರುತಾಗಿ ಉಳಿದಿರುವುದು ಆ ಗೂನು ಬೆನ್ನಿನ ಆನೆ ಮಾತ್ರ.

ಎರಡನೆಯ ಮಾತು ನಮ್ಮ ಗೃಹಿಣಿಯರಿಗೆ ಸಂಬಂಧಿಸಿದ್ದು; ಅವರು ಮನ್ನಿಸಬೇಕು. ದೇವರ ಮನೆಯ ತಾಮ್ರವನ್ನು ಹುಣಿಸೇಹಣ್ಣಿನಿಂದ ಉಜ್ಜಿ ಬೆಳಗುವುದು ನಮ್ಮ ಒಳ್ಳೆಯ ವಾಡಿಕೆ. ಪಂಚಪಾತ್ರೆಗೆ ಅದು ಭೂಷಣ. ಹಳೆಯ ಕಾಸಿಗೆ ಅದು ಮರಣ. ವರ್ಷಗಳಿಂದ ಲೋಹದ ಮೇಲೆ ಕೂಡಿದ ಕಂದು ಅಥವಾ ಹಸುರು ಪೊರೆಯು ಕೊಳೆಯಲ್ಲ. ಅದು ಕಾಸಿನ ವಯಸ್ಸಿಗೆ ಸಾಕ್ಷಿ, ಅದರ ಮೈಗೆ ಕವಚ. ಹುಳಿಯು ಆ ಪೊರೆಯನ್ನು ಕರಗಿಸುತ್ತದೆ. ಉಜ್ಜುವ ಬೂದಿಯು ಆನೆಯ ಕಣ್ಣನ್ನೂ ಅಂಚಿನ ಚುಕ್ಕೆಯನ್ನೂ ಅಳಿಸುತ್ತದೆ. ನಾವು ಇದುವರೆಗೆ ಹೇಳಿದ ಪರೀಕ್ಷೆಗೆ ಆಧಾರವಾದ ಸೂಕ್ಷ್ಮಗಳೆಲ್ಲ ಒಂದು ಬೆಳಗಿನಲ್ಲಿ ತೊಳೆದುಹೋಗುತ್ತವೆ.

ಆದುದರಿಂದ ಕಾಸು ಸಿಕ್ಕಿದವರು ಮಾಡಬೇಕಾದದ್ದು ಸ್ವಲ್ಪ. ಉಜ್ಜಬೇಡಿ. ಅಕ್ಕಸಾಲೆಯ ತಕ್ಕಡಿಯಲ್ಲಿ ತೂಗಿ, ಅಡ್ಡಳತೆಯನ್ನು ಹಿಡಿದು, ಎರಡು ಮುಖಗಳ ಚಿತ್ರವನ್ನೂ ತೆಗೆಯಿಸಿ, ಎಲ್ಲಿ ಯಾವಾಗ ಯಾವುದರೊಡನೆ ಸಿಕ್ಕಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ನೆಲದಲ್ಲಿ ಗಂಟಾಗಿ ಸಿಕ್ಕಿದರೆ ನಿಕ್ಷೇಪದ ಕಾನೂನಿನಂತೆ ಜಿಲ್ಲೆಯ ಅಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ. ದಂಡಿನ ಮಗ್ಗುಲಲ್ಲಿಯೇ, ಕಬ್ಬನ್ ಉದ್ಯಾನದ ಅಂಚಿನಲ್ಲಿ, 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಅಲ್ಲಿಗೆ ಹೋಗಿ ಹಳೆಯ ವಸ್ತುಗಳನ್ನು ನಿಧಾನವಾಗಿ ನೋಡುವುದರಿಂದ ಕಣ್ಣಿಗೆ ಶಿಕ್ಷಣವಾಗುತ್ತದೆ.

ಕಾಸಿಗೆ ತಕ್ಕ ಕಜ್ಜಾಯ ಎಂಬುದು ನಮ್ಮವರ ಗಾದೆ. ಹಳೆಯ ಕಾಸಿನ ವಿಷಯದಲ್ಲಿ, ಕೇಳಿದ ಪ್ರಶ್ನೆಗೆ ತಕ್ಕ ಕಜ್ಜಾಯ ಎನ್ನಬೇಕು. ಖೋಟಾ ಎಂದು ಎಸೆಯುವವನಿಗೂ ಅಪೂರ್ವವೆಂದು ಮಾರುವವನಿಗೂ ಅದು ಏನನ್ನೂ ಹೇಳುವುದಿಲ್ಲ. ಆಜ್ಞೆಯೇ, ಪೆಟ್ಟಿನ ದೋಷವೇ, ಬೇರೊಂದು ಕೈಯೇ, ಬೇರೊಂದು ಊರೇ, ಅಂದಿನ ಅನುಕರಣವೇ, ಇಂದಿನ ಮೋಸವೇ ಎಂದು ಒಂದೊಂದಾಗಿ ಕೇಳುವವನಿಗೆ ಆ ತಾಮ್ರದ ಬಿಲ್ಲೆಯು ನಿಧಾನವಾಗಿ ಉತ್ತರ ಕೊಡುತ್ತದೆ. ಅಷ್ಟು ಸಮಾಧಾನವು ನಮ್ಮ ವಿದ್ಯಾವಂತರಲ್ಲಿ ಬೆಳೆಯಲೆಂದು ಹಾರೈಸಿ ಈ ಭಾಷಣವನ್ನು ಮುಗಿಸುತ್ತೇವೆ.